ಟಿಪ್ಪು ಸುಲ್ತಾನರ ತಿಂಗಳುಗಳು ಮತ್ತು ನಮ್ಮ ಹುಣ್ಣಿಮೆಗಳು

ಟಿಪ್ಪು ಸುಲ್ತಾನರ ಹೆಸರು ಕೇಳಿದೊಡನೆ ನಿಮಗೆ ಹುಲಿ, ಖಡ್ಗ, ರಾಕೆಟ್ ನೆನಪಾಗುತ್ತವೆ. ಅವರು ವರ್ಷದ ಹನ್ನೆರಡು ತಿಂಗಳುಗಳಿಗೂ ಹೊಸ ಹೆಸರಿಟ್ಟಿದ್ದರು ಎಂಬುದು ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಹೈದರ್ ಅಲಿ ಮತ್ತು ಫಾತಿಮಾ ಫಖ್ರುನ್ನಿಸಾ ದಂಪತಿಗಳ ಮಗನಾಗಿ 1750ರ ಸುಮಾರಿಗೆ ದೇವನಹಳ್ಳಿಯಲ್ಲಿ ಜನಿಸಿದ ಟಿಪ್ಪು, 1782ರ ಡಿಸೆಂಬರಿನಲ್ಲಿ ತಂದೆ ತೀರಿಕೊಂಡ ಮೇಲೆ ಮೈಸೂರಿನ ಆಡಳಿತ ವಹಿಸಿಕೊಂಡರು. ಯುದ್ಧದ ನಡುವೆಯೂ ಕಂದಾಯ, ನಾಣ್ಯ, ಅಳತೆ, ತೂಕ ಎಲ್ಲವನ್ನೂ ತಿದ್ದಲು ಹೊರಟರು. ಪಂಚಾಂಗವೂ ಅವುಗಳಲ್ಲೊಂದು.

ಹಿಜರಿ ವರ್ಷವು ಸೌರ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಆದ್ದರಿಂದಲೇ ರಮಝಾನ್ ಬೇಸಿಗೆ, ಮಳೆ, ಚಳಿ ಎಲ್ಲ ಕಾಲಗಳಲ್ಲೂ ಬರುತ್ತದೆ. ಇಬಾದತ್ತಿಗೆ ಇದರಿಂದ ಅಡ್ಡಿಯಿಲ್ಲ. ಆದರೆ ರೈತ ಕಂದಾಯ ಕಟ್ಟುವುದು ಬೆಳೆ ಕೈಗೆ ಬಂದ ಮೇಲೆ. ಕಂತಿನ ದಿನವನ್ನು ಹಿಜರಿ ತಿಂಗಳಿಗೆ ಕಟ್ಟಿಹಾಕಿದರೆ ಕೆಲವೇ ವರ್ಷಗಳಲ್ಲಿ ಕೊಯ್ಲಿಗೆ ಮೊದಲೇ ಶಾನುಭೋಗರು ಬಾಗಿಲಿಗೆ ಬರಬೇಕಾಗುತ್ತದೆ!

ಸುಲ್ತಾನರು ಆಡಳಿತಕ್ಕೆ ಬಳಸಿದ್ದು ನಾಡಿನ ಚಾಂದ್ರಮಾನ ಪಂಚಾಂಗದ ಲೆಕ್ಕವನ್ನೇ. ಯುಗಾದಿಯಿಂದ ವರ್ಷಾರಂಭ, ಋತುಗಳು ತಪ್ಪದಂತೆ ಅಧಿಕ ಮಾಸ. ಹೆಸರುಗಳು ಮಾತ್ರ ಹೊಸವು. ಚೈತ್ರಕ್ಕೆ ಅಹ್ಮದಿ, ವೈಶಾಖಕ್ಕೆ ಬಹಾರಿ, ಜ್ಯೇಷ್ಠಕ್ಕೆ ಜಾಫರಿ. ಅಬ್ಜದ್ ಲೆಕ್ಕದಲ್ಲಿ ಅಲಿಫ್ ಒಂದು, ಬೇ ಎರಡು, ಜೀಮ್ ಮೂರು. ಹೆಸರಿನ ಮೊದಲ ಅಕ್ಷರ ನೋಡಿದರೆ ಅದು ಎಷ್ಟನೆಯ ತಿಂಗಳೆಂದು ತಿಳಿಯುತ್ತಿತ್ತು. ಮುಂದೆ ವರ್ಣಮಾಲೆಯ ಕ್ರಮ ಹಿಡಿದು ಹೆಸರುಗಳನ್ನು ಮತ್ತೆ ಬದಲಿಸಿದಾಗ ಜಾಫರಿ ಐದನೆಯ ತಿಂಗಳಾಯಿತು. ಈ ಪಂಚಾಂಗದ ಶಕೆಗೆ ಮೌಲೂದಿ ಎಂದು ಹೆಸರು. ತಾಮ್ರದ ನಾಣ್ಯಗಳಿಗೂ ಅವರು ಆಕಾಶದ ಹೆಸರುಗಳನ್ನೇ ಆರಿಸಿದರು: ಜೊಹ್ರಾ ಎಂದರೆ ಶುಕ್ರ, ಬಹ್ರಾಮ್ ಎಂದರೆ ಮಂಗಳ, ಕುತ್ಬ್ ಎಂದರೆ ಧ್ರುವನಕ್ಷತ್ರ.

ಆದರೆ ರೈತನಿಗೆ ಕಾಲ ತಿಳಿಯುತ್ತಿದ್ದುದು ಹುಣ್ಣಿಮೆಯಿಂದ. ದಫ್ತರಿನಲ್ಲಿ ಅಹ್ಮದಿ ಎಂದು ಬರೆದ ತಿಂಗಳ ನಡುವೆ ಕನ್ನಡ ನಾಡಿನಲ್ಲಿ ದವನದ ಹುಣ್ಣಿಮೆ. ಮೂರನೆಯ ತಿಂಗಳಲ್ಲಿ ಎತ್ತುಗಳನ್ನು ಸಿಂಗರಿಸುವ ಕಾರಹುಣ್ಣಿಮೆ. ಐದರಲ್ಲಿ ನೂಲಹುಣ್ಣಿಮೆ, ಏಳರಲ್ಲಿ ಹೊಲದ ಪೈರನ್ನು ಪೂಜಿಸುವ ಸೀಗೆ ಹುಣ್ಣಿಮೆ, ಎಂಟರಲ್ಲಿ ಗೌರಿ ಹುಣ್ಣಿಮೆ. ಈ ಹೆಸರುಗಳು ಯಾವ ಅರಸರ ಆಜ್ಞೆಯಿಂದಲೂ ಹುಟ್ಟಿದವಲ್ಲ, ಯಾರ ಆಜ್ಞೆಯಿಂದಲೂ ಅಳಿಯಲಿಲ್ಲ.

ಹಾಗೆಂದು ಸುಲ್ತಾನರಿಟ್ಟ ಹೆಸರುಗಳೆಲ್ಲ ಅಳಿದುಹೋದವೆಂದು ತಿಳಿಯಬೇಡಿ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯನ್ನು ವಿಸ್ತರಿಸಿ ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟವರು ಅವರೇ. ಮುಂದೆ ನಮ್ಮ ಹುಣಸೂರು ಕೆಲಕಾಲ ಆ ಇಲಾಖೆಯ ಕೇಂದ್ರವಾಗಿತ್ತು. ಆ ರಾಸುಗಳ ತಳಿಗೆ ಇಂದಿಗೂ ಅದೇ ಹೆಸರು.

1792ರ ಒಪ್ಪಂದದಲ್ಲಿ ಸುಲ್ತಾನರು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಒಪ್ಪಿಕೊಳ್ಳಬೇಕಾಯಿತು. ಇಬ್ಬರು ಮಕ್ಕಳನ್ನು ಒತ್ತೆಯಿಟ್ಟರು. 1799ರ ಮಾರ್ಚ್ 6ರಂದು, ಪಿರಿಯಾಪಟ್ಟಣದ ಪಶ್ಚಿಮಕ್ಕೆ ಕೊಡಗಿನ ಗಡಿಯ ಬೆಟ್ಟದ ಬಳಿ, ಇಂಗ್ಲಿಷರ ಬೊಂಬಾಯಿ ಸೈನ್ಯವನ್ನು ತಡೆಯಲು ಹೋಗಿ ಹಿಂದಿರುಗಬೇಕಾಯಿತು. ಅದು ಅಮಾವಾಸ್ಯೆಯ ಆಸುಪಾಸು. ಮುಂದಿನ ಅಮಾವಾಸ್ಯೆಯ ಹೊತ್ತಿಗೆ, ಏಪ್ರಿಲ್ 5ರಂದು, ಶ್ರೀರಂಗಪಟ್ಟಣದ ಮುತ್ತಿಗೆ ಶುರುವಾಯಿತು. ಹಳ್ಳಿಗಳಲ್ಲಿ ದವನದ ಹುಣ್ಣಿಮೆ ಬಂದಾಗ ಕೋಟೆ ಫಿರಂಗಿಗಳ ನಡುವೆ ಇತ್ತು. ಮತ್ತೊಂದು ಅಮಾವಾಸ್ಯೆಯ ವೇಳೆಗೆ, ಮೇ 4ರಂದು, ಸುಲ್ತಾನರು ಹೋರಾಡುತ್ತಲೇ ಶಹೀದರಾದರು. ಗುಂಬಜ್‌ನಲ್ಲಿ ತಂದೆತಾಯಿಗಳ ಪಕ್ಕದಲ್ಲಿ ಅವರ ಸಮಾಧಿಯಿದೆ. ಅವರೊಂದಿಗೆ ಅಹ್ಮದಿ, ಬಹಾರಿ, ಜಾಫರಿಗಳೂ ಬಳಕೆಯಿಂದ ಹೋದವು. ಹಳೆಯ ಪತ್ರಗಳಲ್ಲಿ ಮಾತ್ರ ಉಳಿದಿವೆ.

ಇದರಿಂದ ನಾವು ಕಲಿಯಬೇಕಾದುದೇನು? ಕಾಗದದ ಮೇಲಿನ ಹೆಸರು ಆಜ್ಞೆ ಇರುವವರೆಗೆ ಬಾಳುತ್ತದೆ. ದುಡಿಮೆಯೊಂದಿಗೆ ಬೆರೆತ ಹೆಸರು ಜನರ ಬಾಯಲ್ಲಿ ಬಾಳುತ್ತದೆ. ನೆರೆಯವರ ಲೆಕ್ಕ ಸರಿಯಿದ್ದಾಗ ಅದನ್ನು ಕಲಿತು ಬಳಸಲು ಸುಲ್ತಾನರು ಹಿಂಜರಿಯಲಿಲ್ಲ.

ಹಿಜರಿಯ 13, 14, 15ನೆಯ ದಿನಗಳನ್ನು ನಾವು ಅಯ್ಯಾಮೆ ಬೀಝ್, ಬೆಳಕಿನ ದಿನಗಳು, ಎನ್ನುತ್ತೇವೆ. ಹುಣಸೂರಿರಲಿ, ಪಿರಿಯಾಪಟ್ಟಣವಿರಲಿ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಿರಲಿ, ಮುಂದಿನ ಬಾರಿ ಆ ರಾತ್ರಿಗಳಲ್ಲಿ ಅಂಗಳಕ್ಕೆ ಬಂದು ಚಂದ್ರನನ್ನು ನೋಡಿ. ಅದು ಯಾವ ಹುಣ್ಣಿಮೆ ಎಂದು ಪಕ್ಕದ ಮನೆಯ ಅಜ್ಜಿಯನ್ನು ಕೇಳಿ. ನೀವೂ ಅದರ ಹಿಜರಿ ತಾರೀಖನ್ನು ಅವರಿಗೆ ಹೇಳಿ.