ಸತ್ತ ಮಂಗಗಳ ಜಾಡು ಹಿಡಿದು ಕ್ಯಾಸನೂರಿಗೆ ಬಂದಿದ್ದ ಡಾ. ಟೆಲ್ಫೋರ್ಡ್ ವರ್ಕ್

ಸೊರಬ: ಮಂಗನ ಕಾಯಿಲೆ ಅಂದ್ರೆ ಏನು ಅಂತ ಸೊರಬ, ಸಾಗರ, ತೀರ್ಥಹಳ್ಳಿ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆದ್ರೆ ಅದರ ವೈರಸ್ ಪತ್ತೆ ಮಾಡಿದ ತಂಡದ ಮುಖ್ಯಸ್ಥ ಯಾರು ಅಂತ ಕೇಳಿದ್ರೆ ಹೇಳೋರು ಕಡಿಮೆ. ವೈರಸ್ ವಿಜ್ಞಾನಿಗಳ ಲೋಕದಲ್ಲಿ ಮಾತ್ರ ಡಾ. ಟೆಲ್ಫೋರ್ಡ್ ವರ್ಕ್ ದೊಡ್ಡ ಹೆಸರು.

1921ರಲ್ಲಿ ಅಮೆರಿಕದಲ್ಲಿ ಹುಟ್ಟಿದ ವರ್ಕ್ ಓದಿದ್ದು ಡಾಕ್ಟರಿಕೆ. ಕ್ಲಿನಿಕ್ ಇಟ್ಕೊಂಡು ಕೂರದೆ ರಾಕ್‌ಫೆಲ್ಲರ್ ಫೌಂಡೇಶನ್ ಸೇರಿ, 1950ರ ದಶಕದ ಶುರುವಿನಲ್ಲಿ ಈಜಿಪ್ಟ್‌ಗೆ ಹೋದ್ರು. ಅಲ್ಲಿ ವೆಸ್ಟ್ ನೈಲ್ ವೈರಸ್ ಮೇಲೆ ಕೆಲಸ. ನೈಲ್ ನದಿ ಬಯಲಿನ ಕಾಗೆಗಳು ಸೇರಿದಂತೆ ಹಕ್ಕಿಗಳಲ್ಲಿ ವೈರಸ್ ಹೇಗೆ ಉಳಿಯುತ್ತೆ, ಸೊಳ್ಳೆ ಅದನ್ನ ಹೇಗೆ ದಾಟಿಸುತ್ತೆ ಅಂತ ಸಹೋದ್ಯೋಗಿಗಳ ಜೊತೆ ಹುಡುಕಿದ್ರು. ರೋಗಿಯನ್ನ ಮಾತ್ರ ನೋಡಿದ್ರೆ ಸಾಲದು, ಸುತ್ತಲಿನ ಪ್ರಾಣಿ ಪಕ್ಷಿನೂ ನೋಡಬೇಕು ಅನ್ನೋ ಅಭ್ಯಾಸ ಅಲ್ಲೇ ಬಂದಿದ್ದು.

ಅಲ್ಲಿಂದ ಪುಣೆ. 1952ರಲ್ಲಿ ಶುರುವಾಗಿದ್ದ ವೈರಸ್ ಸಂಶೋಧನಾ ಕೇಂದ್ರಕ್ಕೆ (ಈಗಿನ ಎನ್‌ಐವಿ) ನಿರ್ದೇಶಕರಾದ್ರು. ಆಗಿನ ಮದ್ರಾಸ್ ರಾಜ್ಯದ ಉತ್ತರ ಆರ್ಕಾಟ್ ಜಿಲ್ಲೆಯಲ್ಲಿ ಮಕ್ಕಳನ್ನ ಕಾಡ್ತಿದ್ದ ಮೆದುಳು ಜ್ವರ ಜಪಾನೀಸ್ ಎನ್ಸೆಫಲೈಟಿಸ್ ಅಂತ ಗುರುತಿಸುವ ಕೆಲಸದಲ್ಲೂ ಅವರಿದ್ರು.

1957ರ ಬೇಸಿಗೆ ಮುಂಚೆ ಸೊರಬ, ಸಾಗರ ಕಡೆಯ ಹಳ್ಳಿಗಳಲ್ಲಿ ಜ್ವರ ಎದ್ದಿತು. ಸುಡೋ ಜ್ವರ, ತಲೆನೋವು, ಮೈಕೈ ನೋವು, ಕೆಲವರಿಗೆ ಬಾಯಿ ಮೂಗಲ್ಲಿ ರಕ್ತ. ಮೊದಲು ಟೈಫಾಯಿಡ್ ಇರಬೇಕು ಅಂದುಕೊಂಡಿದ್ರು. ಆದ್ರೆ ಹೊತ್ತಿಗೆ ಸರಿಯಾಗಿ ಕಾಡಲ್ಲಿ ಮುಸಿಯ, ಮಂಗಗಳೂ ಸತ್ತು ಬೀಳ್ತಿದ್ವು. ಈ ಸುದ್ದಿ ಕಿವಿಗೆ ಬಿದ್ದಾಗ ವರ್ಕ್ ಬೆಚ್ಚಿಬಿದ್ದಿದ್ರೆ ಆಶ್ಚರ್ಯ ಇಲ್ಲ. ಮಂಗನೂ ಮನುಷ್ಯನೂ ಒಟ್ಟಿಗೆ ಸಾಯೋದು ಅಂದ್ರೆ ಹಳದಿ ಜ್ವರದ ಲಕ್ಷಣ. ಭಾರತಕ್ಕೆ ಅದು ಯಾವತ್ತೂ ಬಂದಿರಲಿಲ್ಲ, ಹರಡೋ ಸೊಳ್ಳೆ ಮಾತ್ರ ಊರೂರಲ್ಲೂ ಇತ್ತು. ಒಮ್ಮೆ ಕಾಲಿಟ್ಟಿದ್ರೆ ದೇಶದ ಗತಿ ಏನಾಗ್ತಿತ್ತೋ!

ಮಾರ್ಚ್‌ನಲ್ಲಿ ತಂಡ ಕ್ಯಾಸನೂರು ಕಾಡಿಗೆ ಬಂತು. ಸತ್ತ ಮುಸಿಯವನ್ನ ಕೊಯ್ದು ಸ್ಯಾಂಪಲ್ ತೆಗೆದ್ರು, ಜ್ವರದವರ ರಕ್ತ ತಗೊಂಡ್ರು. ಲ್ಯಾಬಿನಲ್ಲಿ ಇಲಿ ಮರಿಗಳಿಗೆ ಚುಚ್ಚಿ ನೋಡಿದಾಗ ವೈರಸ್ ಸಿಕ್ಕಿತು. ಹಳದಿ ಜ್ವರ ಅಲ್ಲ. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಬರೋ ಮೆದುಳು ಜ್ವರದ ಗುಂಪಿಗೆ ಸೇರಿದ್ದು, ಆದ್ರೆ ಹೊಸದು. ಹಾಗಾದ್ರೆ ಇಲ್ಲೂ ಉಣುಗೇ ಇರಬೇಕು ಅಂತ ಸಹೋದ್ಯೋಗಿ ಹೆರಾಲ್ಡ್ ಟ್ರಾಪಿಡೊ ಮತ್ತಿತರರು ತರಗೆಲೆ ಜಾಲಾಡಿದ್ರು, ಉಣುಗಿನಲ್ಲೂ ವೈರಸ್ ಸಿಕ್ಕಿತು. ಸೊಪ್ಪು, ಸೌದೆ ತರೋಕೆ, ದನ ಮೇಯಿಸೋಕೆ ಕಾಡಿಗೆ ಹೋದವರೇ ಹೆಚ್ಚಾಗಿ ಯಾಕೆ ಮಲಗ್ತಿದ್ರು ಅನ್ನೋದು ಆಗ ಗೊತ್ತಾಯ್ತು. ಆ ವರ್ಷ ದಾಖಲಾದ ರೋಗಿಗಳು 466, ಮರುವರ್ಷ 181. ಕಾಯಿಲೆಗೆ ಕಾಡಿನ ಹೆಸರನ್ನೇ ಇಟ್ರು.

ಎಲ್ಲ ಸಲೀಸಾಗಿ ಆಗಲಿಲ್ಲ. ಈ ವೈರಸ್ ಇಟ್ಕೊಂಡು ಕೆಲಸ ಮಾಡಿದ ಪುಣೆ ಲ್ಯಾಬಿನ ಸಿಬ್ಬಂದಿಗೂ ಸೋಂಕು ತಗುಲಿತು. ರಷ್ಯಾ ಕಾಯಿಲೆಗೆ ಮಾಡಿದ ಲಸಿಕೆಯನ್ನ ಇಲ್ಲಿನ ಜನರಿಗೆ ಹಾಕಿ ನೋಡಿದ್ರು, ಉಪಯೋಗಕ್ಕೆ ಬರಲಿಲ್ಲ.

ವೈರಸ್ ಎಲ್ಲಿಂದ ಬಂತು ಅನ್ನೋದು ಇನ್ನೊಂದು ತಲೆನೋವು. ಚಳಿಗಾಲಕ್ಕೆ ಸೈಬೀರಿಯಾ ಕಡೆಯಿಂದ ಬರೋ ವಲಸೆ ಹಕ್ಕಿಗಳು ಉಣುಗಿನ ಜೊತೆ ಹೊತ್ತು ತಂದಿರಬಹುದು ಅಂತ ವರ್ಕ್ ಊಹಿಸಿದ್ರು. ಸಲೀಂ ಅಲಿ ಅವರೂ ಈ ಹುಡುಕಾಟದಲ್ಲಿ ಕೈಜೋಡಿಸಿದ್ರು. ಅದು ಸಾಬೀತಾಗಲಿಲ್ಲ. ಕಛ್, ಸೌರಾಷ್ಟ್ರದ ಕೆಲವರ ರಕ್ತದಲ್ಲೂ ಇದೇ ಗುಂಪಿನ ವೈರಸ್ ತಗುಲಿದ್ದ ಗುರುತು ಸಿಕ್ಕಿ ಲೆಕ್ಕ ಇನ್ನಷ್ಟು ಗೋಜಲಾಯ್ತು. ಕಾಡು ಕಡಿದು, ದನ ನುಗ್ಗಿಸಿದ್ದರಿಂದ ಉಣುಗು ಹೆಚ್ಚಾಗಿ, ಮೊದಲಿಂದ ಇಲ್ಲೇ ಇದ್ದ ವೈರಸ್ ಎದ್ದು ಬಂತು ಅನ್ನೋ ವಾದ ಆಮೇಲೆ ಬಲವಾಯ್ತು.

ಅಮೆರಿಕಕ್ಕೆ ವಾಪಸ್ ಹೋದ ವರ್ಕ್, ಅಟ್ಲಾಂಟಾದ ಸಿಡಿಸಿಯಲ್ಲಿದ್ದು ಫ್ಲಾರಿಡಾದ ಸೆಮಿನೋಲ್ ಬುಡಕಟ್ಟಿನವರಲ್ಲಿ ಸೊಳ್ಳೆ ವೈರಸ್ ಹುಡುಕಿದ್ರು. ಆಮೇಲೆ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದ್ರು. 1995ರಲ್ಲಿ ತೀರಿಕೊಂಡ್ರು. ಸರಿಸುಮಾರು ಅದೇ ಹೊತ್ತಿಗೆ ಸೌದಿ ಅರೇಬಿಯಾದ ರೋಗಿಗಳಲ್ಲಿ ಅಲ್ಖುರ್ಮಾ ಅನ್ನೋ ವೈರಸ್ ಸಿಕ್ಕಿತು. ಕ್ಯಾಸನೂರು ವೈರಸ್‌ಗೆ ತೀರಾ ಹತ್ತಿರದ ನೆಂಟ ಸೈಬೀರಿಯಾದ್ದಲ್ಲ, ಅದು.