ಸಭಾಕಂಪ ಮತ್ತು ಡೆಮಾಸ್ತನೀಸ್



ಶ್ರೀಮಠದ ಶಿವಾನುಭವ ಗೋಷ್ಠಿಗಳಲ್ಲಿ ನಾವು ಬಹುಕಾಲದಿಂದ ಗಮನಿಸುತ್ತ ಬಂದಿರುವ ಸಂಗತಿಯೊಂದುಂಟು. ವಿಷಯವನ್ನು ಚೆನ್ನಾಗಿ ಬಲ್ಲವರು, ಜಗುಲಿಯ ಮೇಲೆ ಕುಳಿತಾಗ ಸೊಗಸಾಗಿ ಮಾತನಾಡುವವರು, ಧ್ವನಿವರ್ಧಕದ ಮುಂದೆ ಬನ್ನಿರೆಂದ ಕೂಡಲೇ ಹಿಂದೆ ಸರಿದುಬಿಡುತ್ತಾರೆ. ಸಭಾಕಂಪವೆಂದು ಇದಕ್ಕೆ ಹೆಸರು. ಇಂತಹ ತರುಣರಿಗೆ ಹಿರಿಯರು ಸಾಮಾನ್ಯವಾಗಿ ಹೇಳುವ ಕಥೆ, ಬಾಯಲ್ಲಿ ಸಣ್ಣ ಕಲ್ಲುಗಳನ್ನಿಟ್ಟುಕೊಂಡು ಮಾತು ಕಲಿತ ಗ್ರೀಕ್ ವಾಗ್ಮಿ ಡೆಮಾಸ್ತನೀಸನದು. ಆದರೆ ಆತನ ಬದುಕನ್ನು ಆಮೂಲಾಗ್ರವಾಗಿ ನೋಡಿದರೆ ಆ ಕಲ್ಲುಗಳ ಪಾತ್ರ ಚಿಕ್ಕದು. ಆತ ಏಕೆ ಮಾತನಾಡಲೇಬೇಕಾಯಿತು, ಹೆಸರು ಗಳಿಸಿದ ಮೇಲೂ ಅಂಜಿಕೆ ಆತನನ್ನು ಹೇಗೆ ಹಿಡಿಯಿತು ಎಂಬ ಭಾಗವನ್ನು ನಾವು ಮಕ್ಕಳಿಗೆ ಹೇಳುವುದೇ ಇಲ್ಲ.

ಡೆಮಾಸ್ತನೀಸ್ ಅಥೆನ್ಸ್ ನಗರದಲ್ಲಿ ಕ್ರಿ.ಪೂ. 384ರ ಸುಮಾರಿಗೆ ಜನಿಸಿದನು. ತಂದೆಯ ಹೆಸರೂ ಅದೇ. ಕತ್ತಿ ತಯಾರಿಸುವ ಒಂದು ಕಾರ್ಖಾನೆ, ಮಂಚ ತಯಾರಿಸುವ ಇನ್ನೊಂದು ಕಾರ್ಖಾನೆ, ಬಡ್ಡಿಗೆ ಕೊಟ್ಟ ಹಣ, ಸ್ವಂತ ಮನೆ, ಹೀಗೆ ಅನುಕೂಲಸ್ಥ ಕುಟುಂಬ. ಆಸ್ತಿಯ ಒಟ್ಟು ಮೌಲ್ಯ ಸುಮಾರು 14 ಟ್ಯಾಲೆಂಟ್ ಎಂದು ಆತನೇ ಮುಂದೆ ಲೆಕ್ಕ ಕೊಟ್ಟಿದ್ದಾನೆ. ಒಂದು ಟ್ಯಾಲೆಂಟ್ ಎಂದರೆ ಸುಮಾರು 26 ಕಿಲೋ ಬೆಳ್ಳಿ. ಬಾಲಕನಿಗೆ ಏಳು ವರ್ಷವಾಗಿದ್ದಾಗ ತಂದೆ ತೀರಿಕೊಂಡನು. ಸಾಯುವ ಮುನ್ನ ಆಸ್ತಿಯನ್ನೂ ಹೆಂಡತಿ ಮಕ್ಕಳನ್ನೂ ಮೂವರು ಪಾಲಕರಿಗೆ ಒಪ್ಪಿಸಿದ್ದನು. ಅವರಲ್ಲಿ ಇಬ್ಬರು ಸ್ವಂತ ಬಂಧುಗಳು, ಒಬ್ಬನು ಬಾಲ್ಯದ ಗೆಳೆಯ. ಹತ್ತು ವರ್ಷಗಳ ತರುವಾಯ, ಹುಡುಗ ವಯಸ್ಕನಾಗಿ ತನ್ನ ಪಾಲು ಕೇಳಿದಾಗ ಕೈಗೆ ಬಂದದ್ದು ಒಂದು ಟ್ಯಾಲೆಂಟ್‌ಗಿಂತ ತುಸು ಹೆಚ್ಚು. ಉಳಿದದ್ದನ್ನು ಪಾಲಕರು ನುಂಗಿದ್ದರು.

ಮಾತು ಬಾರದ ಹುಡುಗನಿಗೆ ಇಲ್ಲಿಂದ ಮಾತಿನ ಅಗತ್ಯ ಒದಗಿತು. ಅಥೆನ್ಸಿನ ನ್ಯಾಯಸಭೆಯಲ್ಲಿ ಇಂದಿನಂತೆ ವಕೀಲರಿರಲಿಲ್ಲ. ವಾದಿ ತಾನೇ ಎದ್ದು ನಿಂತು ವಾದಿಸಬೇಕು. ಕೇಳುವವರು ಚೀಟಿ ಎತ್ತಿ ಆರಿಸಿದ ನೂರಾರು ಸಾಮಾನ್ಯ ನಾಗರಿಕರು. ಮಡಕೆಯಿಂದ ನೀರು ಸುರಿದು ಮುಗಿಯುವಷ್ಟರಲ್ಲಿ ಮಾತು ಮುಗಿಯಬೇಕು. ಡೆಮಾಸ್ತನೀಸನಾದರೋ ಕೃಶಕಾಯದವನು, ಓರಗೆಯ ಹುಡುಗರ ಗೇಲಿಗೆ ಗುರಿಯಾದವನು. ನಾಲಗೆ ತೊದಲುತ್ತಿತ್ತು, ಧ್ವನಿ ಕ್ಷೀಣವಾಗಿತ್ತು, ಉಸಿರು ಸಾಲದೆ ವಾಕ್ಯ ನಡುವೆಯೇ ತುಂಡಾಗುತ್ತಿತ್ತು. ಅವನ ಭಾಷೆಯಲ್ಲಿ ವಾಗ್ಮಿತೆ ಎಂಬ ಪದವೇ ರಕಾರದಿಂದ ಆರಂಭವಾಗುತ್ತದೆ. ಆ ರಕಾರವೇ ಅವನ ಬಾಯಿಗೆ ಬರುತ್ತಿರಲಿಲ್ಲವೆಂದು ರೋಮಿನ ಸಿಸಿರೋ ಬರೆದಿದ್ದಾನೆ. ಆದರೂ ಆತ ಈಸಿಯಸ್ ಎಂಬ ನುರಿತ ಗುರುವಿನಲ್ಲಿ ಅಭ್ಯಾಸ ಮಾಡಿ, ಕ್ರಿ.ಪೂ. 364ರ ಸುಮಾರಿಗೆ ಪಾಲಕರಲ್ಲಿ ಮುಖ್ಯನಾದವನ ಮೇಲೆ ದಾವೆ ಹೂಡಿದನು. ಗೆದ್ದನು ಕೂಡ. ಹತ್ತು ಟ್ಯಾಲೆಂಟ್ ಪರಿಹಾರವೆಂದು ತೀರ್ಪಾಯಿತು. ತೀರ್ಪು ಬಂದರೂ ಹಣ ಬರುವುದಿಲ್ಲವೆಂಬುದು ಅಂದಿಗೂ ನಿಜವೇ, ವಸೂಲಾದದ್ದು ಅತ್ಯಲ್ಪ. ಹೊಟ್ಟೆಪಾಡಿಗಾಗಿ ಇತರ ಕಕ್ಷಿದಾರರಿಗೆ ಭಾಷಣ ಬರೆದುಕೊಡುವ ಕೆಲಸ ಹಿಡಿದನು.

ನ್ಯಾಯಸಭೆ ಒಂದಾದರೆ ಜನಸಭೆ ಇನ್ನೊಂದು. ನಿಕ್ಸ್ ಎಂಬ ಗುಡ್ಡದ ಮೇಲೆ ಆರು ಸಾವಿರದಷ್ಟು ಜನ ಸೇರುತ್ತಿದ್ದರು. ಮಾತನಾಡಲು ಇಚ್ಛಿಸುವವರು ಯಾರೆಂದು ಡಂಗುರದವನು ಕೂಗಿ ಕೇಳುತ್ತಿದ್ದನು. ಯಾವ ನಾಗರಿಕನಾದರೂ ಮುಂದೆ ಬರಬಹುದಿತ್ತು. (ಸ್ತ್ರೀಯರಿಗೆ, ಗುಲಾಮರಿಗೆ ಆ ಕರೆ ಇರಲಿಲ್ಲ ಎಂಬುದನ್ನು ನಾವು ಮರೆಯಲಾಗದು. ಡೆಮಾಸ್ತನೀಸನ ತಂದೆಯ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರೂ ಗುಲಾಮರೇ.) ಆತ ಮೊದಲ ಬಾರಿಗೆ ಅಲ್ಲಿ ಮಾತನಾಡಿದಾಗ ಜನ ಗದ್ದಲವೆಬ್ಬಿಸಿ ನಕ್ಕರು. ನಾಚಿಕೆಯಿಂದ ಆತ ಬಂದರಿನ ಕಡೆಗೆ ಅಲೆಯುತ್ತ ಹೋದನು. ಅಲ್ಲಿ ಯೂನೋಮಸ್ ಎಂಬ ಹಣ್ಣು ಹಣ್ಣು ಮುದುಕ ಆತನನ್ನು ಕಂಡು ಗದರಿಸಿದನಂತೆ. ನಿನ್ನ ಮಾತಿನ ರೀತಿ ಮಹಾನಾಯಕ ಪೆರಿಕ್ಲೀಸನದನ್ನು ಹೋಲುತ್ತದೆ, ಆದರೆ ಜನರನ್ನು ಎದುರಿಸುವ ಧೈರ್ಯವಿಲ್ಲದೆ, ಮೈಯನ್ನೂ ಹದಗೊಳಿಸದೆ ಅದನ್ನು ಹಾಳುಮಾಡಿಕೊಳ್ಳುತ್ತಿದ್ದೀಯೆ ಎಂಬುದು ಆ ವೃದ್ಧನ ಆಕ್ಷೇಪಣೆಯ ತಾತ್ಪರ್ಯ. ಸೋತವನನ್ನು ಸಂತೈಸುವವರು ಬಹಳ ಸಿಗುತ್ತಾರೆ. ಸೋಲಿನೊಳಗಿರುವ ಸತ್ತ್ವವನ್ನು ಗುರುತಿಸಿ ಗದರಿಸುವ ಹಿರಿಯರು ಅಪರೂಪ.

ಇನ್ನೊಮ್ಮೆ ಸೋತು ತಲೆಗೆ ಮುಸುಕು ಹಾಕಿಕೊಂಡು ಮನೆಗೆ ನಡೆದಾಗ, ಸ್ಯಾಟಿರಸ್ ಎಂಬ ನಟ ಜೊತೆಗೂಡಿದನು. ಕುಡಿದು ಬಂದ ಅಂಬಿಗರ ಮಾತನ್ನೂ ಜನ ಕೇಳುತ್ತಾರೆ, ಇಷ್ಟು ಶ್ರಮಿಸಿದ ತನ್ನನ್ನು ಕೇಳುವುದಿಲ್ಲವೆಂದು ಡೆಮಾಸ್ತನೀಸ್ ಗೋಳಿಟ್ಟನು. ನಟನು ನಾಟಕದ ಒಂದು ಭಾಗವನ್ನು ಹೇಳಿಸಿದನು. ಅದನ್ನೇ ತಾನು ಪಾತ್ರಕ್ಕೆ ತಕ್ಕ ಹಾವಭಾವದಿಂದ ಹೇಳಿ ತೋರಿಸಿದನು. ಅದೇ ಪದಗಳು ಬೇರೆಯೇ ಆಗಿ ಕೇಳಿಸಿದವು. ತನ್ನ ಕೊರತೆ ಎಲ್ಲಿದೆಯೆಂಬುದು ಡೆಮಾಸ್ತನೀಸನಿಗೆ ಅಂದು ಹೊಳೆಯಿತು.

ಅನಂತರದ ಸಾಧನೆ ನಮಗೆ ಪರಿಚಿತವೇ. ತೊದಲು ಹೋಗಲು ಬಾಯಲ್ಲಿ ಕಲ್ಲು, ಉಸಿರು ಬೆಳೆಯಲು ಏರು ಹತ್ತುತ್ತ ಒಂದೇ ಉಸಿರಿನಲ್ಲಿ ಪಾಠ ಒಪ್ಪಿಸುವುದು, ಹಾವಭಾವಕ್ಕೆ ಎದುರಿಗೊಂದು ದೊಡ್ಡ ಕನ್ನಡಿ. ಮುಪ್ಪಿನಲ್ಲಿ ಡೆಮಾಸ್ತನೀಸನ ಬಾಯಿಂದಲೇ ಇದನ್ನು ಕೇಳಿದೆನೆಂದು ಡೆಮಿಟ್ರಿಯಸ್ ಎಂಬವನು ಹೇಳಿದ್ದನ್ನು ಪ್ಲುಟಾರ್ಕ್ ತನ್ನ ಚರಿತ್ರೆಯಲ್ಲಿ ದಾಖಲಿಸಿದ್ದಾನೆ. ನಮಗೆ ಇವೆಲ್ಲಕ್ಕಿಂತ ಮಿಗಿಲಾಗಿ ಕಾಣುವುದು ನೆಲಮಾಳಿಗೆಯ ಪ್ರಸಂಗ. ನೆಲದಡಿಯಲ್ಲೊಂದು ಕೋಣೆ ಕಟ್ಟಿಸಿ ಎರಡು ಮೂರು ತಿಂಗಳು ಎಡೆಬಿಡದೆ ಅಲ್ಲಿಯೇ ಅಭ್ಯಾಸ ಮಾಡುತ್ತಿದ್ದನು. ಮನಸ್ಸು ಸೋತು ಹೊರಗೆ ಹೋಗಬೇಕೆನಿಸಿದರೂ ಹೋಗಲಾಗದಂತೆ ತಲೆಯ ಒಂದು ಭಾಗವನ್ನು ಬೋಳಿಸಿಕೊಳ್ಳುತ್ತಿದ್ದನು. ಜನರಿಗೆ ಅಂಜಿ ಅಡಗುವವನ ನಾಚಿಕೆಯನ್ನೇ ಸಾಧನೆಯ ಬೇಲಿಯಾಗಿ ಬಳಸಿಕೊಂಡ ಬಗೆ ಇದು.

ಉತ್ತರದ ಮ್ಯಾಸಿಡೋನಿಯಾದ ಅರಸ ಫಿಲಿಪ್ ಗ್ರೀಕ್ ನಗರಗಳನ್ನು ಒಂದೊಂದಾಗಿ ಕಬಳಿಸತೊಡಗಿದಾಗ, ಕ್ರಿ.ಪೂ. 351ರಲ್ಲಿ ಡೆಮಾಸ್ತನೀಸ್ ಆತನ ವಿರುದ್ಧ ಮೊದಲ ಭಾಷಣ ಮಾಡಿದನು. ಮುಂದೆ ವರ್ಷಗಟ್ಟಲೆ ಅದೇ ಎಚ್ಚರಿಕೆ. ಆದರೂ ಸಿದ್ಧತೆಯಿಲ್ಲದೆ ಮಾತನಾಡಲು ಆತ ಸುಲಭವಾಗಿ ಒಪ್ಪುತ್ತಿರಲಿಲ್ಲ. ಸಭೆಯಲ್ಲಿ ಜನ ಹೆಸರು ಹಿಡಿದು ಕರೆದರೂ ವಿಷಯವನ್ನು ಯೋಚಿಸಿರದಿದ್ದರೆ ಕುಳಿತೇ ಇರುತ್ತಿದ್ದನು. ಆತನ ವಾದಗಳಲ್ಲಿ ದೀಪದ ಬತ್ತಿಯ ವಾಸನೆ ಬರುತ್ತದೆಂದು ವಿರೋಧಿಗಳು ಹಂಗಿಸುತ್ತಿದ್ದರು. ಬರೆದು ತಂದು ಮಾತನಾಡುವುದು ಮಾತನಾಡುವುದೇ ಅಲ್ಲವೆಂದು ಹಗುರವಾಗಿ ನುಡಿಯುವವರು ಇಂದಿಗೂ ಇದ್ದಾರೆ. ಆ ಮಾತಿಗೆ ನಮ್ಮ ತರುಣರು ಕುಗ್ಗಬೇಕಾಗಿಲ್ಲ.

ಇನ್ನು ಕ್ರಿ.ಪೂ. 346ರ ಸಂಗತಿ. ಸಂಧಿಗಾಗಿ ಅಥೆನ್ಸ್ ಹತ್ತು ಮಂದಿ ರಾಯಭಾರಿಗಳನ್ನು ಫಿಲಿಪ್ಪನ ಬಳಿಗೆ ಕಳುಹಿಸಿತು. ವಯಸ್ಸಿನಲ್ಲಿ ಎಲ್ಲರಿಗಿಂತ ಕಿರಿಯನಾದ್ದರಿಂದ ಡೆಮಾಸ್ತನೀಸನ ಸರದಿ ಕೊನೆಗೆ ಬಂತು. ಎಲ್ಲರ ಕಿವಿಯೂ ಆತನ ಕಡೆಗೇ ಇತ್ತು. ಪೀಠಿಕೆಯ ಕೆಲವು ಮಾತು ಆಡುವಷ್ಟರಲ್ಲಿ ಆತ ಕಂಗೆಟ್ಟು ನಿಂತುಬಿಟ್ಟನು. ಅರಸನೇ ಸಮಾಧಾನ ಹೇಳಿ, ಇದೇನು ರಂಗಮಂಟಪವಲ್ಲ, ನಿಧಾನವಾಗಿ ನೆನಪಿಸಿಕೊಂಡು ಹೇಳೆಂದನು. ಮತ್ತೆ ಪ್ರಯತ್ನಿಸಿದನು, ಮತ್ತೆ ಮಾತು ನಿಂತಿತು. ಇದನ್ನು ಹೇಳಿದವನು ಸಹರಾಯಭಾರಿಯೂ ಮುಂದೆ ಬದ್ಧವೈರಿಯೂ ಆದ ಈಸ್ಕಿನೀಸ್. ವೈರಿಯ ಮಾತಿನಲ್ಲಿ ಉತ್ಪ್ರೇಕ್ಷೆ ಇದ್ದೀತು. ಆದರೆ ಮೂರೇ ವರ್ಷಗಳ ಬಳಿಕ ತುಂಬಿದ ನ್ಯಾಯಸಭೆಯಲ್ಲಿ ಹೇಳಿದ ಸಂಗತಿ ಪೂರ್ಣ ಕಲ್ಪಿತವಾಗಿರಲಾರದೆಂದು ನಮ್ಮ ಭಾವನೆ. ಆಗ ಡೆಮಾಸ್ತನೀಸನಿಗೆ ನಲವತ್ತರ ಸಮೀಪ. ಗ್ರೀಸಿನಲ್ಲೆಲ್ಲ ಹೆಸರಾದ ವಾಗ್ಮಿ. ಕಲ್ಲು, ಕನ್ನಡಿ, ನೆಲಮಾಳಿಗೆ ಎಲ್ಲವೂ ಮುಗಿದು ಎಷ್ಟೋ ಕಾಲವಾಗಿತ್ತು.

ಆತ ಊರಿಗೆ ಮರಳಿ ಮತ್ತೆ ಗುಡ್ಡ ಹತ್ತಿ ಮಾತನಾಡಿದನು. ಕ್ರಿ.ಪೂ. 338ರಲ್ಲಿ ಕೈರೋನಿಯ ಯುದ್ಧದಲ್ಲಿ ಅಥೆನ್ಸ್ ಸೋತಿತು. ಕಾಲಾಳಾಗಿ ನಿಂತಿದ್ದ ಡೆಮಾಸ್ತನೀಸನೂ ಓಡಿಬಂದವರಲ್ಲಿ ಒಬ್ಬನು. ಆದರೂ ಮಡಿದವರ ಸ್ಮರಣೆಯ ಭಾಷಣಕ್ಕೆ ನಗರವು ಆತನನ್ನೇ ಆರಿಸಿತು. ಆತನಿಗೆ ಚಿನ್ನದ ಕಿರೀಟ ಕೊಡಬೇಕೆಂಬ ಸಲಹೆಯನ್ನು ಈಸ್ಕಿನೀಸ್ ನ್ಯಾಯಸಭೆಗೆಳೆದನು. ಕ್ರಿ.ಪೂ. 330ರಲ್ಲಿ ನಡೆದ ಆ ವಿಚಾರಣೆಯಲ್ಲಿ ಡೆಮಾಸ್ತನೀಸ್ ತನ್ನ ಸಾರ್ವಜನಿಕ ಜೀವನವನ್ನೆಲ್ಲ ಸಮರ್ಥಿಸಿಕೊಂಡು ನುಡಿದನು. ಈಸ್ಕಿನೀಸನಿಗೆ ಐದರಲ್ಲೊಂದು ಭಾಗ ಮತಗಳೂ ದೊರೆಯದೆ ಆತ ನಗರವನ್ನೇ ತೊರೆದನು.

ಡೆಮಾಸ್ತನೀಸ್ ನಿಷ್ಕಳಂಕನಲ್ಲ. ಅಲೆಕ್ಸಾಂಡರನ ಖಜಾನೆಯ ಹಣದೊಡನೆ ಓಡಿಬಂದಿದ್ದ ಹಾರ್ಪಲಸ್ ಎಂಬವನಿಂದ ಲಂಚ ಪಡೆದನೆಂಬ ಆರೋಪದ ಮೇಲೆ 50 ಟ್ಯಾಲೆಂಟ್ ದಂಡ ತೆರಬೇಕಾಗಿ ಬಂದು, ಆತನೂ ಊರು ಬಿಟ್ಟನು. ಅಲೆಕ್ಸಾಂಡರ್ ತೀರಿದ ಬಳಿಕ ನಗರವು ಗೌರವದಿಂದ ಮರಳಿ ಕರೆಸಿಕೊಂಡಿತು. ಮತ್ತೊಂದು ಯುದ್ಧ, ಮತ್ತೊಂದು ಸೋಲು. ಕ್ರಿ.ಪೂ. 322ರಲ್ಲಿ ಮ್ಯಾಸಿಡೋನಿಯಾದ ಭಟರು ಆತನನ್ನು ಹುಡುಕುತ್ತ ಕಲೌರಿಯ ದ್ವೀಪದ ಸಮುದ್ರದೇವನ ಗುಡಿಗೆ ಬಂದರು. ಅವರ ನಾಯಕ ಆರ್ಕಿಯಸ್ ಹಿಂದೆ ನಟನಾಗಿದ್ದವನು. ಹೊರಗೆ ಬಂದರೆ ಏನೂ ಮಾಡುವುದಿಲ್ಲವೆಂದು ನಯವಾಗಿ ನುಡಿದನು. ನಿನ್ನ ನಟನೆಯನ್ನು ಹಿಂದೆಯೂ ನಂಬಿದವನಲ್ಲ, ಈಗಲೂ ನಂಬುವುದಿಲ್ಲವೆಂದ ಡೆಮಾಸ್ತನೀಸ್, ಮನೆಯವರಿಗೊಂದು ಪತ್ರ ಬರೆಯಲು ಸಮಯ ಕೇಳಿದನು. ಬರೆಯುವ ಮುನ್ನ ಯೋಚಿಸುವಾಗ ಲೇಖನಿಯನ್ನು ಕಚ್ಚುವುದು ಆತನ ರೂಢಿ. ಅಂದೂ ಕಚ್ಚಿದನು. ಅದರಲ್ಲಿ ವಿಷವಿತ್ತು.