ಎಮಿಲ್ ಯೆಲ್ಲಿನೆಕ್

ಎಮಿಲ್ ಯೆಲ್ಲಿನೆಕ್ (6 ಏಪ್ರಿಲ್ 1853 – 21 ಜನವರಿ 1918) ಆಸ್ಟ್ರಿಯಾ-ಹಂಗೇರಿಯ ವ್ಯಾಪಾರಿ, ರಾಯಭಾರ ಕಚೇರಿಯ ಅಧಿಕಾರಿ ಹಾಗೂ ಮೋಟಾರು ವಾಹನಗಳ ಆರಂಭಿಕ ಪ್ರವರ್ತಕರಲ್ಲಿ ಒಬ್ಬರು. ಜರ್ಮನಿಯ ಡೈಮ್ಲರ್ ಕಂಪನಿ ತಯಾರಿಸಿದ ಕಾರಿಗೆ ತಮ್ಮ ಮಗಳ ಹೆಸರಾದ 'ಮರ್ಸಿಡಿಸ್' ಎಂಬುದನ್ನು ಇಡಿಸಿದವರು ಇವರೇ. ಇಂದು ಮರ್ಸಿಡಿಸ್-ಬೆಂಝ್ ಎಂದು ಪ್ರಸಿದ್ಧವಾಗಿರುವ ಐಷಾರಾಮಿ ಕಾರುಗಳ ಹೆಸರಿನ ಮೂಲ ಇದು.

ಜನನ ಮತ್ತು ಬಾಲ್ಯ

ಯೆಲ್ಲಿನೆಕ್ ಅವರು ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಜನಿಸಿದರು. ತಂದೆ ಅಡಾಲ್ಫ್ ಯೆಲ್ಲಿನೆಕ್ ಯೆಹೂದಿ ಧರ್ಮಗುರುಗಳು (ರಬ್ಬಿ) ಮತ್ತು ವಿದ್ವಾಂಸರು. ಎಮಿಲ್ ಇನ್ನೂ ಚಿಕ್ಕವರಿದ್ದಾಗಲೇ ಕುಟುಂಬವು ವಿಯೆನ್ನಾಕ್ಕೆ ಬಂದು ನೆಲೆಸಿತು. ಅಣ್ಣ ಗಿಯೋರ್ಗ್ ಕಾನೂನು ಶಾಸ್ತ್ರದಲ್ಲಿಯೂ, ತಮ್ಮ ಮ್ಯಾಕ್ಸ್ ಹರ್ಮನ್ ಭಾಷಾಶಾಸ್ತ್ರದಲ್ಲಿಯೂ ಹೆಸರು ಮಾಡಿದರು. ಆದರೆ ಎಮಿಲ್ ಅವರಿಗೆ ಓದು ಹಿಡಿಸಲಿಲ್ಲ. ಹದಿಹರೆಯದಲ್ಲಿ ಸೇರಿದ ರೈಲ್ವೆ ಗುಮಾಸ್ತಿಕೆಯಿಂದ, ರಾತ್ರಿ ವೇಳೆ ರೈಲುಗಳ ಓಟದ ಪಂದ್ಯ ಏರ್ಪಡಿಸಿದ ಕಾರಣಕ್ಕೆ ಅವರನ್ನು ತೆಗೆದುಹಾಕಲಾಯಿತು ಎಂದು ಹೇಳಲಾಗುತ್ತದೆ.

ವ್ಯಾಪಾರ ಮತ್ತು ಕುಟುಂಬ

ಅನಂತರ ಅವರು ಉತ್ತರ ಆಫ್ರಿಕಕ್ಕೆ ತೆರಳಿ, ಮೊರಾಕೊದಲ್ಲಿ ಆಸ್ಟ್ರಿಯಾ-ಹಂಗೇರಿಯ ದೂತಾವಾಸದ ಸೇವೆಯಲ್ಲಿದ್ದರು. ಬಳಿಕ ಅಲ್ಜೀರಿಯದ ತಂಬಾಕನ್ನು ಯುರೋಪಿಗೆ ಕಳುಹಿಸುವ ವ್ಯಾಪಾರದಲ್ಲಿ ತೊಡಗಿದರು. ವ್ಯಾಪಾರದಿಂದ ಸಾಕಷ್ಟು ಸಂಪತ್ತು ಗಳಿಸಿದರು. ಪತ್ನಿ ರಾಚೆಲ್ ಅವರಿಂದ ಇಬ್ಬರು ಗಂಡುಮಕ್ಕಳು ಮತ್ತು 1889ರ ಸೆಪ್ಟೆಂಬರ್ 16ರಂದು ವಿಯೆನ್ನಾದಲ್ಲಿ ಒಬ್ಬ ಮಗಳು ಜನಿಸಿದರು. ಮಗಳ ಪೂರ್ಣ ಹೆಸರು ಉದ್ದವಾಗಿದ್ದರೂ ಮನೆಯವರು ಆಕೆಯನ್ನು ಮರ್ಸಿಡಿಸ್ ಎಂದು ಕರೆಯುತ್ತಿದ್ದರು. ಸ್ಪ್ಯಾನಿಷ್ ಭಾಷೆಯಲ್ಲಿ ಈ ಪದಕ್ಕೆ ಕೃಪೆ, ಅನುಗ್ರಹ ಎಂಬ ಅರ್ಥವಿದೆ. ರಾಚೆಲ್ 1893ರಲ್ಲಿ ತೀರಿಕೊಂಡರು. ಮಗಳ ಹೆಸರು ತಮಗೆ ಅದೃಷ್ಟ ತರುತ್ತದೆಂದು ನಂಬಿದ್ದ ಯೆಲ್ಲಿನೆಕ್, ಫ್ರಾನ್ಸಿನ ನೀಸ್ ನಗರದಲ್ಲಿದ್ದ ತಮ್ಮ ಮನೆಗೂ ಅದೇ ಹೆಸರನ್ನಿಟ್ಟಿದ್ದರು.

ಡೈಮ್ಲರ್ ಕಾರುಗಳ ಮಾರಾಟ

ಚಳಿಗಾಲದಲ್ಲಿ ಯುರೋಪಿನ ಶ್ರೀಮಂತರು ನೀಸ್ ನಗರಕ್ಕೆ ಬಂದು ತಂಗುತ್ತಿದ್ದರು. ಯೆಲ್ಲಿನೆಕ್ ಅವರು 1890ರ ದಶಕದ ಉತ್ತರಾರ್ಧದಲ್ಲಿ ಡೈಮ್ಲರ್ ಕಾರನ್ನು ಕೊಂಡು, ಈ ಶ್ರೀಮಂತರಿಗೆ ಅಂತಹ ಕಾರುಗಳನ್ನು ಮಾರತೊಡಗಿದರು. ಹೆಚ್ಚು ವೇಗದ, ಹೆಚ್ಚು ಶಕ್ತಿಯ ಕಾರು ಬೇಕೆಂದು ಕಂಪನಿಯನ್ನು ಸತತವಾಗಿ ಒತ್ತಾಯಿಸುತ್ತಿದ್ದರು. ನೀಸ್ ನಗರದ ಮೋಟಾರು ಪಂದ್ಯಗಳಿಗೆ ಮಗಳ ಹೆಸರನ್ನೇ ಗುಪ್ತನಾಮವಾಗಿಸಿಕೊಂಡು ಕಾರುಗಳನ್ನು ಇಳಿಸಿದರು.

1900ರ ಮಾರ್ಚ್ ತಿಂಗಳು ಕಂಪನಿಗೆ ಕಷ್ಟದ ಕಾಲವಾಗಿತ್ತು. ಮಾರ್ಚ್ 6ರಂದು ಸ್ಥಾಪಕ ಗಾಟ್ಲೀಬ್ ಡೈಮ್ಲರ್ ನಿಧನರಾದರು. ಅದೇ ತಿಂಗಳ ಕೊನೆಯಲ್ಲಿ ನೀಸ್ ಬಳಿಯ ಲಾ ಟರ್ಬಿ ಬೆಟ್ಟದ ಪಂದ್ಯದಲ್ಲಿ ಡೈಮ್ಲರ್ ಕಾರು ಬಂಡೆಗೆ ಬಡಿದು ಚಾಲಕ ವಿಲ್ಹೆಲ್ಮ್ ಬಾವರ್ ಪ್ರಾಣ ಕಳೆದುಕೊಂಡರು. ಕಂಪನಿಯು ಪಂದ್ಯಗಳಿಂದ ಹಿಂದೆ ಸರಿಯಲು ಯೋಚಿಸಿತು. ಹಿಂದೆ ಸರಿದರೆ ವ್ಯಾಪಾರವೇ ನಾಶವಾಗುವುದೆಂದು ಯೆಲ್ಲಿನೆಕ್ ವಾದಿಸಿದರು. ಎತ್ತರವಾಗಿದ್ದು ಮುಂಭಾಗ ಭಾರವಾಗಿದ್ದ ಕಾರಿನ ರಚನೆಯೇ ದೋಷಪೂರ್ಣವೆಂಬುದು ಅವರ ಅಭಿಪ್ರಾಯವಾಗಿತ್ತು. ಆದ್ದರಿಂದ ಅಗಲವಾದ, ಉದ್ದವಾದ ಹಾಗೂ ನೆಲಕ್ಕೆ ಹತ್ತಿರವಾದ ಹೊಸ ಕಾರನ್ನು ರೂಪಿಸಬೇಕೆಂದು ಕೇಳಿದರು.

ಮರ್ಸಿಡಿಸ್ ಹೆಸರಿನ ಹುಟ್ಟು

1900ರ ಏಪ್ರಿಲ್ 2ರಂದು ಆದ ಒಪ್ಪಂದದಂತೆ ಹೊಸ ಎಂಜಿನ್ನಿಗೆ 'ಡೈಮ್ಲರ್-ಮರ್ಸಿಡಿಸ್' ಎಂದು ಹೆಸರಿಡಲು ನಿರ್ಧರಿಸಲಾಯಿತು. ಯೆಲ್ಲಿನೆಕ್ ಒಟ್ಟು 5,50,000 ಮಾರ್ಕ್ ಮೌಲ್ಯದ 36 ಕಾರುಗಳಿಗೆ ಬೇಡಿಕೆ ಸಲ್ಲಿಸಿದರು. ಕಂಪನಿಯ ಆಡಳಿತ ಮಂಡಳಿಯಲ್ಲಿಯೂ ಸ್ಥಾನ ಪಡೆದರು. ಹೊಸ ಹೆಸರಿಗೆ ವ್ಯಾವಹಾರಿಕ ಕಾರಣವೂ ಇತ್ತು. ಫ್ರಾನ್ಸಿನಲ್ಲಿ ಡೈಮ್ಲರ್ ಎಂಜಿನ್ನಿನ ಹಕ್ಕುಗಳು ಪನಾರ್ ಎ ಲೆವಾಸೋರ್ ಕಂಪನಿಯ ಬಳಿ ಇದ್ದುದರಿಂದ, ಅಲ್ಲಿ ಡೈಮ್ಲರ್ ಹೆಸರಿನಲ್ಲಿ ಮಾರುವುದು ತೊಡಕಿನ ವಿಷಯವಾಗಿತ್ತು.

ವಿಲ್ಹೆಲ್ಮ್ ಮೇಬ್ಯಾಕ್ ಈ ಕಾರನ್ನು ರೂಪಿಸಿದರು. ನಾಲ್ಕು ಸಿಲಿಂಡರುಗಳ, 5.9 ಲೀಟರ್ ಗಾತ್ರದ ಎಂಜಿನ್, ಜೇನುಗೂಡಿನಂತಹ ರೇಡಿಯೇಟರ್ ಮತ್ತು ಉಕ್ಕಿನ ಚೌಕಟ್ಟು ಇದರ ವೈಶಿಷ್ಟ್ಯಗಳು. ಅಶ್ವಶಕ್ತಿಯ ಆಧಾರದ ಮೇಲೆ ಇದನ್ನು 'ಮರ್ಸಿಡಿಸ್ 35 ಎಚ್‌ಪಿ' ಎಂದು ಕರೆಯಲಾಯಿತು. 1901ರ ಮಾರ್ಚ್‌ನಲ್ಲಿ ನೀಸ್ ಪಂದ್ಯಗಳಲ್ಲಿ ಈ ಕಾರು ಗಳಿಸಿದ ವಿಜಯಗಳಿಂದ ಹೆಸರು ಯುರೋಪಿನಾದ್ಯಂತ ಹರಡಿತು. ಆಧುನಿಕ ಕಾರಿನ ಸ್ವರೂಪ ಇಲ್ಲಿಂದಲೇ ಆರಂಭವಾಯಿತೆಂದು ಅನೇಕ ಇತಿಹಾಸಕಾರರು ಪರಿಗಣಿಸುತ್ತಾರೆ. 1902ರ ಸೆಪ್ಟೆಂಬರ್‌ನಲ್ಲಿ ಕಂಪನಿಯು 'ಮರ್ಸಿಡಿಸ್' ಪದವನ್ನು ತನ್ನ ವ್ಯಾಪಾರ ಮುದ್ರೆಯಾಗಿ ನೋಂದಾಯಿಸಿತು. 1903ರಲ್ಲಿ ಯೆಲ್ಲಿನೆಕ್ ಅವರು ತಮ್ಮ ಹೆಸರನ್ನು 'ಯೆಲ್ಲಿನೆಕ್-ಮರ್ಸಿಡಿಸ್' ಎಂದು ಬದಲಾಯಿಸಿಕೊಂಡರು. ಮಕ್ಕಳು ತಂದೆಯ ಹೆಸರನ್ನು ಪಡೆಯುವುದು ರೂಢಿ. ಇಲ್ಲಿ ತಂದೆಯೇ ಮಗಳ ಹೆಸರನ್ನು ಪಡೆದರು. ಫರ್ಡಿನೆಂಡ್ ಪೋರ್ಷೆ ರೂಪಿಸಿದ ಆಸ್ಟ್ರೋ-ಡೈಮ್ಲರ್ ಕಂಪನಿಯ 'ಮಾಯಾ' ಕಾರಿಗೂ ಯೆಲ್ಲಿನೆಕ್ ಅವರ ಇನ್ನೊಬ್ಬ ಮಗಳ ಹೆಸರನ್ನೇ ಇಡಲಾಗಿತ್ತು.

ಕೊನೆಯ ದಿನಗಳು

ಮುಂದೆ ಕಂಪನಿಯೊಂದಿಗೆ ಭಿನ್ನಾಭಿಪ್ರಾಯಗಳು ಬೆಳೆದು ಯೆಲ್ಲಿನೆಕ್ ಅದರಿಂದ ದೂರವಾದರು. ಬಳಿಕ ರಾಯಭಾರ ಸೇವೆಯ ಕಡೆಗೆ ಹೆಚ್ಚು ಗಮನ ಕೊಟ್ಟರು. ಮೊದಲನೆಯ ಮಹಾಯುದ್ಧ ಅವರ ಬದುಕನ್ನು ಅಸ್ತವ್ಯಸ್ತಗೊಳಿಸಿತು. ಆಸ್ಟ್ರಿಯಾ-ಹಂಗೇರಿಯ ಪ್ರಜೆಯಾಗಿದ್ದು ಫ್ರಾನ್ಸಿನಲ್ಲಿ ಆಸ್ತಿ ಮಾಡಿದ್ದ ಅವರ ಮೇಲೆ ಬೇಹುಗಾರಿಕೆಯ ಆರೋಪ ಬಂದಿತು. ಅಂತಿಮವಾಗಿ ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಆಶ್ರಯ ಪಡೆದು, 1918ರ ಜನವರಿ 21ರಂದು ಅಲ್ಲಿಯೇ ನಿಧನರಾದರು. ಮಗಳು ಮರ್ಸಿಡಿಸ್ 1929ರಲ್ಲಿ ವಿಯೆನ್ನಾದಲ್ಲಿ ತಮ್ಮ 39ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಹೆಸರಿನ ಪರಂಪರೆ

1926ರಲ್ಲಿ ಡೈಮ್ಲರ್ ಮತ್ತು ಬೆಂಝ್ ಕಂಪನಿಗಳು ಒಂದಾದ ಮೇಲೆ ಕಾರುಗಳಿಗೆ 'ಮರ್ಸಿಡಿಸ್-ಬೆಂಝ್' ಎಂಬ ಹೆಸರು ಬಂದಿತು. 1930ರ ದಶಕದಲ್ಲಿ ಯೆಹೂದಿಗಳನ್ನು ಹಿಂಸಿಸಿದ ನಾಜಿ ನಾಯಕರು ಮರ್ಸಿಡಿಸ್ ಕಾರುಗಳಲ್ಲಿಯೇ ಮೆರವಣಿಗೆ ಹೋಗುತ್ತಿದ್ದರು. ಆ ಹೆಸರು ಯೆಹೂದಿ ಧರ್ಮಗುರುವೊಬ್ಬರ ಮೊಮ್ಮಗಳದಾಗಿತ್ತು ಎಂಬುದು ಇತಿಹಾಸದ ವಿಪರ್ಯಾಸ.

ಐಷಾರಾಮಿ ಕಾರುಗಳಿಗೆ ಹೆಸರಿಡುವಲ್ಲಿ ಬೇರೆ ಕಂಪನಿಗಳು ಬೇರೆ ದಾರಿಗಳನ್ನು ಹಿಡಿದವು. ರೋಲ್ಸ್-ರಾಯ್ಸ್ ಕಂಪನಿಯು ಸದ್ದಿಲ್ಲದ ಚಲನೆಯನ್ನು ಸೂಚಿಸಲು 'ಸಿಲ್ವರ್ ಘೋಸ್ಟ್', 'ಫ್ಯಾಂಟಮ್' ಮುಂತಾದ ಭೂತ-ಛಾಯೆಗಳ ಹೆಸರುಗಳನ್ನು ಆರಿಸಿತು. ತಮ್ಮ ಹೆಸರನ್ನು ಹೊಸ ಕಂಪನಿಗೆ ಬಳಸಲಾಗದ ಆಗಸ್ಟ್ ಹೋರ್ಶ್ ಅವರು ಅದರ ಲ್ಯಾಟಿನ್ ರೂಪವಾದ 'ಆಡಿ' (ಕೇಳು) ಎಂಬುದನ್ನು ಅಂಗೀಕರಿಸಿದರು. ಮರ್ಸಿಡಿಸ್ ಮಾತ್ರ ಮೊದಲು ಒಂದು ಮಾದರಿಯ ಹೆಸರಾಗಿದ್ದು, ಬಳಿಕ ಇಡೀ ಕಂಪನಿಯ ಗುರುತಾಯಿತು. ಅದರ ಮಾದರಿಗಳನ್ನು ಈಗ ಎ, ಸಿ, ಇ, ಎಸ್ ಮುಂತಾದ ಅಕ್ಷರಗಳಿಂದ ಗುರುತಿಸಲಾಗುತ್ತದೆ.